ಬೋರಲಿಂಗನ ಹುರುಳಿಕಟ್ಟಿನ ಸಾರು

ಕತೆ ಹೇಳುತ್ತೇನೆ, ಹೂಂಗುಟ್ಟಿ. ಬರೀ ತಲೆ ಆಡಿಸುವವರು ಈಗಲೇ ಎದ್ದು ಹೋಗಿ ಮಲಗಿಕೊಳ್ಳಿ. ಯಾಕೆಂದರೆ ಇದು ತಲೆ ಆಡಿಸಿ ಆಡಿಸಿಯೇ ಹೆತ್ತವಳ ಜೀವ ಹಿಂಡಿದವನ ಕತೆ.

ಕಗ್ಗಲಕೊಪ್ಪಲಿನಲ್ಲಿ ದೊಡ್ಡತಾಯಮ್ಮ ಅಂತ ಒಬ್ಬ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವನು ಒಬ್ಬನೇ ಮಗ, ಬೋರಲಿಂಗ. ಮೈ ನೋಡಿದರೆ ಎತ್ತು. ಬುದ್ಧಿ ಹಂಚುವ ದಿನ ಮಾತ್ರ ಅವನು ಎಲ್ಲೋ ಎಮ್ಮೆ ಮೇಯಿಸಲು ಹೋಗಿದ್ದ. ಮೀಸೆ ಬಂತು, ಮದುವೆ ವಯಸ್ಸು ಬಂತು, ಹೋಯಿತು, ಹೆಣ್ಣು ಕೊಡುವವರು ಮಾತ್ರ ಬರಲಿಲ್ಲ. ಯಾರು ಕೊಡುತ್ತಾರೆ? ಕಣ್ಣಿದ್ದೂ ಮಗಳನ್ನು ಬಾವಿಗೆ ನೂಕುವವರು ಆ ಸೀಮೆಯಲ್ಲಿ ಇರಲಿಲ್ಲ.

ಆ ಮನೆಗೆ ಹೊಲ ಕಮ್ಮಿ, ಹೆಸರು ದೊಡ್ಡದು. ಹೆಸರು ಬಂದದ್ದು ಹುರುಳಿಕಟ್ಟಿನ ಸಾರಿನಿಂದ. ಹಿರೀಕರ ಹಬ್ಬದ ದಿನ ಆ ಕುಲದ ಮನೆಗಳೆಲ್ಲ ಒಂದು ಅಂಗಳದಲ್ಲಿ ಸೇರಿ, ಸತ್ತವರಿಗೆ ಸಾಲಾಗಿ ಬಾಳೆ ಎಲೆ ಹಾಕಿ ಎಡೆ ಇಡುತ್ತಾರೆ. ಮುದ್ದೆ, ಅನ್ನ, ವಡೆ ಯಾರಾದರೂ ಮಾಡಲಿ. ಹುರುಳಿಕಟ್ಟಿನ ಸಾರು ಮಾತ್ರ ದೊಡ್ಡತಾಯಮ್ಮನ ಮನೆಯವರೇ ಕಾಯಿಸಬೇಕು. ಅದಕ್ಕೇ ಎಡೆಯ ಸಾಲಿನಲ್ಲಿ ಮೊದಲ ಎಲೆ ಆ ಮನೆಯ ಹಿರೀಕರದು. ದೊಡ್ಡತಾಯಮ್ಮ ಅದನ್ನು ಅತ್ತೆಯಿಂದ ಕಲಿತಳು, ಅತ್ತೆ ತನ್ನ ಅತ್ತೆಯಿಂದ ಕಲಿತಿದ್ದಳು. ಸಾಯುವಾಗ ಅತ್ತೆ ಸೊಸೆಯ ಕೈ ಹಿಡಿದು, ಒಲೆ ಬಿಟ್ಟುಕೊಡಬೇಡ ಕಣೇ ಅಂದು ಕಣ್ಣು ಮುಚ್ಚಿದ್ದಳು.

ಒಂದು ವರ್ಷ ದೊಡ್ಡತಾಯಮ್ಮನ ಕಣ್ಣಿಗೆ ಪೊರೆ ಬಂತು. ಆ ವರ್ಷದ ಹಬ್ಬದಲ್ಲಿ ಸಾರಿಗೆ ಉಪ್ಪು ಹಾಕಿದ್ದನ್ನೇ ಮರೆತು ಇನ್ನೊಂದು ಹಿಡಿ ಹಾಕಿದಳು. ಕುಲದವರು ಉಂಡು ಹೊಳೆ ಬತ್ತುವಷ್ಟು ನೀರು ಕುಡಿದರು. ಕುಲದ ಯಜಮಾನ ಕೆಂಚೇಗೌಡ ಮೀಸೆ ಒರೆಸಿಕೊಂಡು ತೀರ್ಮಾನ ಹೇಳಿದ. ಬರುವ ವರ್ಷ ದೊಡ್ಡತಾಯಮ್ಮನ ಮಗನೇ ಸಾರು ಕಾಯಿಸಲಿ. ಅವನಿಗೆ ಬರದಿದ್ದರೆ ಒಲೆ ದಾಯಾದಿ ಹೊಂಬಾಳಮ್ಮನ ಮನೆಗೆ. ಮೊದಲ ಎಲೆಯೂ ಅವಳ ಮನೆಯವರಿಗೆ. ದೊಡ್ಡತಾಯಮ್ಮನ ಗಂಡನ ಎಲೆ ಸಾಲಿನ ಕೊನೆಗೆ, ಎಮ್ಮೆ ಕಟ್ಟುವ ಗೂಟದ ಪಕ್ಕಕ್ಕೆ.

ಹೊಂಬಾಳಮ್ಮ ಆವತ್ತಿನಿಂದಲೇ ಹೊಸ ಸೌಟು ತೊಳೆದಿಟ್ಟುಕೊಂಡಳು. ದೊಡ್ಡತಾಯಮ್ಮನಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಬದುಕಿದ್ದಾಗ ಒಂದು ದಿನವೂ ಕಡೇ ಪಂಕ್ತಿಯಲ್ಲಿ ಕೂರದ ಗಂಡ, ಸತ್ತ ಮೇಲೆ ಗೂಟದ ಪಕ್ಕ ಕೂರಬೇಕೇ?

ಬೆಳಗಾಗುತ್ತಲೇ ಮಗನನ್ನು ಒಲೆ ಮುಂದೆ ಕೂರಿಸಿದಳು. ಹುರುಳಿ ಬೇಯಿಸು, ಬೆಂದ ಮೇಲೆ ಬಸಿ ಅಂದಳು. ಬೋರಲಿಂಗ ತಲೆ ಆಡಿಸಿದ. "ಗೊತ್ತಾಯ್ತು ಕಣವ್ವ" ಅಂದ. ಹುರುಳಿ ಬೇಯಿಸಿದ, ಬಸಿದ. ಅನ್ನ ಬಸಿದರೆ ಗಂಜಿ ಎಲ್ಲಿಗೆ ಹೋಗುತ್ತದೆ? ಎಮ್ಮೆಯ ಬಾನಿಗೆ. ಹುರುಳಿ ಬಸಿದ ಕಟ್ಟನ್ನೂ ಹೊತ್ತುಕೊಂಡು ಹೋಗಿ ಎಮ್ಮೆಯ ಬಾನಿಗೇ ಸುರಿದ. ಮನೆತನದ ಕೀರ್ತಿಯನ್ನೆಲ್ಲ ಎಮ್ಮೆ ಸೊರ್ ಅಂತ ಹೀರಿ ಮೂತಿ ನೆಕ್ಕಿಕೊಂಡಿತು.

ದೊಡ್ಡತಾಯಮ್ಮ ಪಾತ್ರೆಗೆ ಕೈ ಹಾಕಿದರೆ ಬರೀ ಕಾಳು. ನೀರೆಲ್ಲಿ ಅಂತ ಕೇಳಿದಳು. ಎಮ್ಮೆ ಹೊಟ್ಟೆಯಲ್ಲಿ ಅಂದ. ಹಣೆ ಚಚ್ಚಿಕೊಂಡಳು. "ಆ ನೀರೇ ಕಣ್ಲಾ ಕಟ್ಟು ಅನ್ನೋದು. ಅದ್ರಲ್ಲೇ ಇರೋದು ಸಾರು. ಬೇಕಾದ್ರೆ ಕಾಳು ಎಮ್ಮೆಗಾಕು, ನೀರ್ನ ಮಾತ್ರ ಒಂದು ತೊಟ್ಟೂ ಚೆಲ್ಬೇಡ." ಬೋರಲಿಂಗ ತಲೆ ಆಡಿಸಿದ. "ಗೊತ್ತಾಯ್ತು ಕಣವ್ವ" ಅಂದ. ಗೊತ್ತಾಯ್ತಂತೆ.

ಮಾರನೆಯ ದಿನ ಪಲ್ಯಕ್ಕೆ ಕೀರೆ ಸೊಪ್ಪು ಕಿತ್ತು ಕೊಟ್ಟು, ನಾಲೆಯಲ್ಲಿ ತೊಳೆದುಕೊಂಡು ಬಾ ಅಂದಳು. ಮಗ ಹೋದ. ದೊಡ್ಡ ಬೋಗುಣಿಯಲ್ಲಿ ನಾಲೆ ನೀರು ತುಂಬಿ ಸೊಪ್ಪನ್ನು ಅದ್ದಿ ಅದ್ದಿ ತೊಳೆದ. ಆಮೇಲೆ ಅವ್ವನ ಮಾತು ನೆನಪಾಯಿತು. ಸೊಪ್ಪನ್ನು ದಾರಿಯಲ್ಲಿ ನಿಂತಿದ್ದ ಯಾರದೋ ಎಮ್ಮೆಗೆ ಹಾಕಿದ. ನೀರಿನ ಬೋಗುಣಿಯನ್ನು ತಲೆ ಮೇಲೆ ಹೊತ್ತು, ಒಂದು ತೊಟ್ಟೂ ತುಳುಕದ ಹಾಗೆ, ಮದುವೆಯ ಕಳಶ ತರುವ ಹೆಂಗಸಿನ ಹಾಗೆ ನಡೆದು ಬಂದ. ಎದುರು ಸಿಕ್ಕವರು ಏನಪ್ಪಾ ಅದು ಅಂದರೆ, ನಮ್ಮನೆ ಸಾರು ಅಂದ.

ತಂದು ಒಲೆ ಮೇಲಿಟ್ಟು ಬೆಂಕಿ ಹಾಕಿದ. ದೊಡ್ಡತಾಯಮ್ಮನಿಗೆ ಕಣ್ಣು ಕಾಣದು. ಸೌಟು ಹಾಕಿ ತಿರುವಿದಳು, ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಹಲ್ಲಿಗೆ ಮರಳು ಸಿಕ್ಕಿತು. ಸೌಟಿನಲ್ಲಿ ಕಪ್ಪೆಮರಿ ಬಾಲ ಅಲ್ಲಾಡಿಸಿತು. ಪುಣ್ಯಕ್ಕೆ ನೀರು ಇನ್ನೂ ಕಾದಿರಲಿಲ್ಲ, ಕಪ್ಪೆ ಬದುಕಿತು. ದೊಡ್ಡತಾಯಮ್ಮನ ಹೊಟ್ಟೆ ಮಾತ್ರ ಉರಿದುಹೋಯಿತು.

ಇಷ್ಟೆತ್ತರ ಬೆಳೆದಿದ್ದೀಯಲ್ಲೋ, ಮಣ್ಣಿಗೂ ಸಾರಿಗೂ ಭೇದ ತಿಳಿಯದೇನೋ ಅಂತ ಉಗಿದಳು. ಇನ್ನು ಮೇಲೆ ಏನನ್ನೇ ಆಗಲಿ ಮೊದಲು ನಾಲಿಗೆ ಮೇಲೆ ಇಟ್ಟು ನೋಡು, ರುಚಿ ಕಂಡರೆ ಸರಿ, ಇಲ್ಲದಿದ್ದರೆ ಮುಂದಕ್ಕೆ ಬಿಡಬೇಡ ಅಂದಳು. ಬೋರಲಿಂಗ ತಲೆ ಆಡಿಸಿದ. "ಗೊತ್ತಾಯ್ತು ಕಣವ್ವ" ಅಂದ. ಕೇಳಿಸಿಕೊಂಡ ಕಪ್ಪೆಯೂ ನಂಬಿರಲಾರದು.

ಅಷ್ಟರಲ್ಲಿ ಬೋರಲಿಂಗನ ಅಪ್ಪ ಸತ್ತ ದಿನ ಬಂತು. ವರ್ಷಕ್ಕೊಮ್ಮೆ ಆ ದಿನ ಮನೆಯ ಮಟ್ಟಿಗೆ ಒಂದು ಎಡೆ ಇಡುವುದು ಉಂಟು. ತಾಯಿ ಪಕ್ಕದಲ್ಲಿ ಕೂತು ಹೇಳಿದಳು, ಮಗ ಮಾಡಿದ. ಈ ಸಲ ಕಟ್ಟು ಎಮ್ಮೆಗೆ ಹೋಗಲಿಲ್ಲ, ಕಪ್ಪೆ ಒಳಗೆ ಬರಲಿಲ್ಲ. ಸಾರಿನ ವಾಸನೆ ಬೀದಿಗೆ ಹೋಯಿತು. ದೊಡ್ಡತಾಯಮ್ಮನ ಎದೆ ಹಗುರಾಯಿತು. ಎಲೆ ಹಾಕಿ ಎಲ್ಲ ಬಡಿಸಿರು, ಮಿಂದು ಬರುತ್ತೇನೆ ಅಂತ ಬಚ್ಚಲಿಗೆ ಹೋದಳು.

ಬೋರಲಿಂಗ ಎಲೆ ಹಾಕಿದ. ಅಪ್ಪ ಉಣ್ಣುವ ಎಲೆ, ತಪ್ಪಾಗಬಾರದು. ಸಾರನ್ನು ಸೌಟಿನಿಂದ ಹೀರಿ ನೋಡಿದ, ರುಚಿ ಇತ್ತು, ಮಿಕ್ಕದ್ದನ್ನು ಎಲೆಗೆ ಬಿಟ್ಟ. ಮುದ್ದೆಯ ಮೂಲೆ ಕಚ್ಚಿದ, ಸರಿ ಇತ್ತು, ಇಟ್ಟ. ವಡೆ ಕಚ್ಚಿದ. ಒಂದು ವಡೆ ಚೆನ್ನಾಗಿದ್ದರೆ ಇನ್ನೊಂದು ಚೆನ್ನಾಗಿರುತ್ತದೆ ಅಂತ ಏನು ಗ್ಯಾರಂಟಿ? ಎಲ್ಲವನ್ನೂ ಒಂದೊಂದು ಸಲ ಕಚ್ಚಿದ. ಬಾಳೆಹಣ್ಣು ಸುಲಿದು ಕಚ್ಚಿದ. ಅಪ್ಪನಿಗೆ ಇಷ್ಟ ಅಂತ ಇಟ್ಟಿದ್ದ ಬೀಡಿಯನ್ನೂ ಹಚ್ಚಿ ಒಂದು ದಮ್ಮು ಎಳೆದು, ಆರಿಸಿ, ಎಲೆಯ ಪಕ್ಕದಲ್ಲಿಟ್ಟ.

ದೊಡ್ಡತಾಯಮ್ಮ ಒದ್ದೆ ಸೀರೆಯಲ್ಲಿ ಬಂದು ಎಲೆ ಮುಟ್ಟಿ ನೋಡಿದಳು. ಮುಟ್ಟಿದ್ದಕ್ಕೆಲ್ಲ ಹಲ್ಲಿನ ಗುರುತು. ಅಲ್ಲೇ ಕೂತು ಅತ್ತಳು. ಎಡೆಗೆ ಎಂಜಲು ಮುಟ್ಟಬಾರದು, ಕೂಸಿಗೂ ಗೊತ್ತಿರುವ ಮಾತು. ಗಂಡ ಆ ವರ್ಷ ಉಪವಾಸ ಹೋದ ಅನ್ನುವ ಸಂಕಟ ಅವಳದು. ಆಮೇಲೆ ಕಣ್ಣೊರೆಸಿಕೊಂಡು ಬಿಡಿಸಿ ಬಿಡಿಸಿ ಹೇಳಿದಳು. "ಬಾಯ್ಗಿಕ್ಬೇಡ, ನಾಲ್ಗೆಗೆ ಸೋಕಿಸ್ಬೇಡ. ಬಡ್ಸು, ಧೂಪ ಆಕು, ಬಾಗ್ಲು ಎಳ್ಕೊಂಡು ಆಚೆ ಬಂದು ಕೂತ್ಕೊ. ಒಳಗೆ ಏನೇ ಸದ್ದಾದ್ರೂ ಬಾಗ್ಲು ತೆಗೀಬೇಡ. ಉಣ್ಣೋರು ನೆಮ್ಮದಿಯಾಗಿ ಉಣ್ಲಿ."

ಬೋರಲಿಂಗ ತಲೆ ಆಡಿಸಿದ. "ಗೊತ್ತಾಯ್ತು ಕಣವ್ವ" ಅಂದ. ನಾನು ಇನ್ನೇನೂ ಹೇಳುವುದಿಲ್ಲ.

ಹಬ್ಬ ಹತ್ತಿರ ಬಂತು. ಹುಡುಗ ಎಷ್ಟು ಕಲಿತ ನೋಡೋಣ ಅಂತ ಯಜಮಾನ ಕೆಂಚೇಗೌಡ ಒಂದು ಮಧ್ಯಾಹ್ನ ಊಟಕ್ಕೇ ಬಂದುಬಿಟ್ಟ. ಮನೆಯಲ್ಲಿ ಮಜ್ಜಿಗೆ ಇರಲಿಲ್ಲ. ದೊಡ್ಡಪ್ಪನಿಗೆ ಬಡಿಸಿರು, ಮೇಲಿನ ಕೇರಿಯಿಂದ ಮಜ್ಜಿಗೆ ಇಸಕೊಂಡು ಬರುತ್ತೇನೆ ಅಂತ ಮಗನಿಗೆ ಹೇಳಿ ಚೊಂಬು ಹಿಡಿದು ಗೋಡೆ ತಡವುತ್ತಾ ಹೋದಳು.

ಬೋರಲಿಂಗ ಸಾರು ಇಳಿಸುವ ಮುಂಚೆ ಖಾರ ನೋಡಬೇಕಿತ್ತು. ನಾಲಿಗೆಗೆ ಸೋಕಿಸುವ ಹಾಗಿಲ್ಲ. ಕಣ್ಣಲ್ಲೇ ನೋಡಿದ. ಬಣ್ಣ ಸಾಲದು ಅನ್ನಿಸಿತು. ಕೆಂಪಗೆ ಕಣ್ಣಿಗೆ ಹಬ್ಬವಾಗುವ ತನಕ ಖಾರದ ಪುಡಿ ಹಾಕಿದ. ಎಲೆ ಹಾಕಿ, ಯಜಮಾನನನ್ನು ಕೂರಿಸಿ, ಬಡಿಸಿದ. ಆಮೇಲೆ ಧೂಪದ ಬಟ್ಟಲಿಗೆ ಸಾಂಬ್ರಾಣಿ ಸುರಿದು ಯಜಮಾನನ ಮೂಗಿನ ಕೆಳಗೇ ಇಟ್ಟ, ಅಡ್ಡಬಿದ್ದ, ಬಾಗಿಲು ಎಳೆದು ಚಿಲಕ ಹಾಕಿದ, ಜಗಲಿಯಲ್ಲಿ ಕೈ ಕಟ್ಟಿ ಕೂತ.

ಒಳಗೆ ಯಜಮಾನ ಮೊದಲ ತುತ್ತು ನುಂಗಿದ. ಗಂಟಲಿಗೆ ಬೆಂಕಿ ಬಿತ್ತು, ಕಣ್ಣಿಗೆ ಹೊಗೆ ಹೊಕ್ಕಿತು. ನೀರು ನೀರು ಅಂತ ಕೂಗಿದ. ಬಾಗಿಲು ಗುದ್ದಿದ. ಕೆಮ್ಮಿದ, ಸೀನಿದ, ಬೋರಲಿಂಗನ ಹುಟ್ಟನ್ನೆಲ್ಲ ಬೈದ. ಬೀದಿ ಜನ ಓಡಿ ಬಂದರು. ಬೋರಲಿಂಗ ಬಾಯಿ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿದ. "ಗಲಾಟೆ ಮಾಡ್ಬೇಡಿ. ಉಣ್ತಾವ್ರೆ."

ಮಜ್ಜಿಗೆ ಚೊಂಬು ಹಿಡಿದು ದೊಡ್ಡತಾಯಮ್ಮ ಬಂದು ಚಿಲಕ ತೆಗೆಸಿದಳು. ಯಜಮಾನ ಹೊಗೆಯ ಜೊತೆ ಹೊರಗೆ ಬಿದ್ದ. ಅವಳ ಕೈಯಿಂದ ಚೊಂಬು ಕಿತ್ತುಕೊಂಡು ಗಟಗಟ ಕುಡಿದ. ಉಸಿರು ಬಂದ ಮೇಲೆ ಅಂದ, "ಬದುಕಿರೋನಿಗೇ ಎಡೆ ಇಟ್ಬುಟ್ಟ ಕಣವ್ವ ನಿನ್ನ ಮಗ." ಹೊಂಬಾಳಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ದೊಡ್ಡತಾಯಮ್ಮ ಯಜಮಾನನ ಕಾಲು ಹಿಡಿದಳು. ಯಜಮಾನ ಕಡೆಯ ಮಾತು ಹೇಳಿದ. ಹಬ್ಬದ ದಿನ ನಾನೇ ಒಲೆ ಪಕ್ಕ ಕೂರುತ್ತೇನೆ. ಸಾರಿನಲ್ಲಿ ಒಂದೇ ಒಂದು ತಪ್ಪು ಕಂಡರೂ ಸೌಟು ಹೊಂಬಾಳಮ್ಮನ ಕೈಗೆ.

ದೊಡ್ಡತಾಯಮ್ಮ ಮಗನನ್ನು ಒಳಗೆ ಎಳೆದುಕೊಂಡು ಹೋದಳು. ಇವನಿಗೆ ಮಾತು ಹೇಳಿದ್ದೇ ತಪ್ಪು ಅಂತ ಅವಳಿಗೆ ಆಗ ಹೊಳೆಯಿತು. ಒಂದು ಮಾತು ಹೇಳಿದರೆ ಅದನ್ನು ಹಿಡಿದುಕೊಂಡು ಊರೆಲ್ಲ ಸುತ್ತುವ ಕೋಣ ಇದು. "ಇನ್ ನಾನೇನೂ ಹೇಳಕಿಲ್ಲ. ನೀನು ಪಕ್ಕದಾಗೆ ಕೂತ್ಕಂಡು ನೋಡು. ನಾನು ಹೆಂಗೆ ಮಾಡ್ತೀನೋ ಹಂಗೇ ಮಾಡ್ಬೇಕು. ಒಂದು ಬುಡಬ್ಯಾಡ, ಒಂದು ಸೇರಿಸ್ಬ್ಯಾಡ." ಬೋರಲಿಂಗ ತಲೆ ಆಡಿಸಿದ. "ಗೊತ್ತಾಯ್ತು ಕಣವ್ವ" ಅಂದ.

ಅವಳು ದಿನಾ ಮಾಡಿ ತೋರಿಸಿದಳು. ಕಟ್ಟು ಬಸಿದು ಒಲೆ ಮೇಲಿಟ್ಟಳು. ಉಪ್ಪು ಹಾಕಿದಳು. ಹಾಕಿ, ಹೋದ ವರ್ಷದ ಅವಮಾನವೆಲ್ಲ ನೆನಪಾಗಿ, ಸೌಟಿನ ಹಿಡಿಯಿಂದ ಮಗನ ನೆತ್ತಿಗೆ ಟಣ್ ಅಂತ ಒಂದು ಕುಟ್ಟಿ, "ಗೊತ್ತಾಯ್ತೇನ್ಲಾ ದಡ್ಡ?" ಅಂದಳು. ಹುಣಸೆಹುಳಿ ಕಿವುಚಿ ಬಿಟ್ಟಳು, ಟಣ್. ರುಬ್ಬಿದ ಖಾರ ಕದಡಿದಳು, ಟಣ್. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟಳು, ಟಣ್. ಕಣ್ಣಿಗೆ ಪೊರೆ ಬಂದಿದ್ದರೂ ಮಗನ ನೆತ್ತಿ ಮಾತ್ರ ಅವಳ ಸೌಟಿಗೆ ಒಂದು ದಿನವೂ ಗುರಿ ತಪ್ಪಲಿಲ್ಲ. ಅವಳ ಅತ್ತೆಯೂ ಹಾಗೇ ಕಲಿಸಿದ್ದಳು. ಆ ಅತ್ತೆ ಕುಟ್ಟುತ್ತಿದ್ದದ್ದು ಬೆರಳ ಗೆಣ್ಣಿಗೆ, ಅಷ್ಟೇ ವ್ಯತ್ಯಾಸ. ಬೋರಲಿಂಗ ಕಣ್ಣು ಮಿಟುಕಿಸದೆ ನೋಡಿದ. ಎಲ್ಲ ನೆನಪಿದೆಯೇನೋ ಅಂತ ಹಬ್ಬದ ಹಿಂದಿನ ದಿನ ಕೇಳಿದಳು. ಒಂದನ್ನೂ ಬಿಡುವುದಿಲ್ಲ ಅಂದ.

ಹಬ್ಬದ ದಿನ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಉರಿಯಿತು. ಎಡೆ ಆಗುವ ತನಕ ಯಾರೂ ಉಣ್ಣುವ ಹಾಗಿಲ್ಲ, ಕುಲವೆಲ್ಲ ಹಸಿದು ಕೂತಿತ್ತು. ಬೋರಲಿಂಗ ತಾಯಿ ಕೂರುತ್ತಿದ್ದ ಹಾಗೆ ಒಲೆಯ ಬಲಕ್ಕೆ ಕೂತ. ಯಜಮಾನ ಕೆಂಚೇಗೌಡ ಎಡಕ್ಕೆ ಕೂತ, ಸೆಕೆಗೆ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಬೋಳು ತಲೆ ಬಿಸಿಲಿಗೆ ಹೊಳೆಯಿತು. ಹೊಂಬಾಳಮ್ಮ ಹೊಸ ಸೌಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ನಿಂತಳು. ದೊಡ್ಡತಾಯಮ್ಮ ಕಂಬ ಹಿಡಿದು, ಕಾಣದ ಕಣ್ಣನ್ನು ಒಲೆಯ ಕಡೆಗೆ ಇಟ್ಟು, ಗಂಡನನ್ನು ನೆನೆದಳು.

ಬೋರಲಿಂಗ ಕಟ್ಟು ಬಸಿದ. ಒಂದು ತೊಟ್ಟೂ ಚೆಲ್ಲಲಿಲ್ಲ. ಒಲೆ ಮೇಲಿಟ್ಟ. ಪರವಾಗಿಲ್ಲವಲ್ಲ ಅಂತ ಜನ ಒಬ್ಬರ ಮುಖ ಒಬ್ಬರು ನೋಡಿದರು. ಉಪ್ಪು ಹಾಕಿದ, ಅಳತೆ ಸರಿ. ಆಮೇಲೆ ಸೌಟು ತಿರುಗಿಸಿ ಹಿಡಿದು ಯಜಮಾನನ ಬೋಳು ನೆತ್ತಿಗೆ ಟಣ್ ಅಂತ ಕುಟ್ಟಿದ.

"ಗೊತ್ತಾಯ್ತೇನ್ಲಾ ದಡ್ಡ?"

ಆ ಮನುಷ್ಯನ ಎದುರು ಊರಿನಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ನಡೆದವರಿಲ್ಲ. ಯಜಮಾನ ಧಡಕ್ಕನೆ ಎದ್ದ, ಕೈ ಎತ್ತಿದ. ಹೊಂಬಾಳಮ್ಮ ಸೌಟು ಈಚೆ ತೆಗೆದೇಬಿಟ್ಟಳು. ಬೋರಲಿಂಗ ಹುಣಸೆಹುಳಿ ಕಿವುಚುತ್ತಾ ತಲೆ ಎತ್ತದೆ ಹೇಳಿದ, "ಕೂತ್ಕೊ ದೊಡ್ಡಪ್ಪ, ಇನ್ನೂ ಹುಳಿ ಬಿದ್ದಿಲ್ಲ."

ಅಷ್ಟರಲ್ಲಿ ಕಟ್ಟು ಉಕ್ಕಿತು. ಅದರ ವಾಸನೆ ನೇರವಾಗಿ ಯಜಮಾನನ ಹಸಿದ ಮೂಗಿಗೆ ಹೋಯಿತು. ದೊಡ್ಡತಾಯಮ್ಮನ ಅತ್ತೆ ಬದುಕಿದ್ದಾಗ ಬರುತ್ತಿದ್ದ ವಾಸನೆ ಅದು. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಹೊಟ್ಟೆ ಮಾನಕ್ಕಿಂತ ದೊಡ್ಡದು ನೋಡಿ. ಕುಲದ ಯಜಮಾನ ಮೆಲ್ಲಗೆ ಕೂತ. ಹುಳಿಗೆ ಒಂದು ತಿಂದ. ಖಾರಕ್ಕೆ ಒಂದು ತಿಂದ. ಒಗ್ಗರಣೆ ಹೊತ್ತಿಗೆ ತಾನೇ ತಲೆ ಬಗ್ಗಿಸಿ ಕೊಟ್ಟ.

ಎಡೆ ಇಟ್ಟರು, ಅಂಗಳದ ಬಾಗಿಲು ಎಳೆದುಕೊಂಡು ಆಚೆ ನಿಂತರು, ಆಮೇಲೆ ತೆಗೆದರು. ಪಂಕ್ತಿ ಕೂತಿತು. ಯಜಮಾನ ಸಾರಿನಲ್ಲಿ ತಪ್ಪು ಹುಡುಕಲು ಒಂದು ಸಲ ಬಡಿಸಿಕೊಂಡ, ಸಿಗಲಿಲ್ಲ. ಮತ್ತೆ ಬಡಿಸಿಕೊಂಡ, ಸಿಗಲಿಲ್ಲ. ಎಲೆ ನೆಕ್ಕಿದ ಮೇಲೆ, ನೆತ್ತಿಯ ಬುಗುಟು ಸವರಿಕೊಳ್ಳುತ್ತಾ, ತಪ್ಪು ಅಡಿಗೆಯವನಲ್ಲಿದೆ, ಸಾರಿನಲ್ಲಿ ಇಲ್ಲ ಅಂದ. ಒಲೆ ದೊಡ್ಡತಾಯಮ್ಮನ ಮನೆಯಲ್ಲೇ ಉಳಿಯಿತು. ಮೊದಲ ಎಲೆ ಅವಳ ಗಂಡನದೇ ಆಯಿತು. ಅವಳು ಆ ಎಲೆಯ ಮುಂದೆ ಕೂತು ಬಹಳ ಹೊತ್ತು ಅತ್ತಳು, ಈ ಸಲ ಸಂತೋಷಕ್ಕೆ.

ಮನೆಗೆ ಬಂದ ಮೇಲೆ ಮಗನಿಗೆ ಬೈದಳು. ಆ ಕುಟ್ಟು ಸಾರಿಗಲ್ಲ ಕಣೋ ಮಂಕೆ, ನಿನಗೆ, ಇನ್ನು ಮೇಲೆ ಅದು ಬೇಡ ಅಂದಳು. ಬೋರಲಿಂಗ ತಲೆ ಆಡಿಸಿದ. ಮಾರನೆಯ ದಿನ ಕುಟ್ಟದೆ ಕಾಯಿಸಿದ. ಉಪ್ಪು ಹಾಕಿದ, ಕಾದ, ಟಣ್ ಅನ್ನಲಿಲ್ಲ. ಹಾಗಾದರೆ ಉಪ್ಪು ಹಾಕಿಲ್ಲ ಅಂದುಕೊಂಡು ಮತ್ತೆ ಹಾಕಿದ. ಆಗಲೂ ಟಣ್ ಅನ್ನಲಿಲ್ಲ, ಮತ್ತೆ ಹಾಕಿದ. ಎಮ್ಮೆ ಕೂಡ ಆ ಸಾರು ಮೂಸಿ ಹಿಂದೆ ಸರಿಯಿತು.

ಕುಲ ಕೂತು ಯೋಚಿಸಿತು. ಇಷ್ಟು ದೊಡ್ಡ ದೊಡ್ಡ ಮೀಸೆಗಳು ಸೇರಿದ್ದವು, ಉಪ್ಪನ್ನು ಬೇರೆಯವರು ಹಾಕಲಿ ಅಂತ ಒಂದು ಮೀಸೆಗೂ ಹೊಳೆಯಲಿಲ್ಲ. ಸಾರು ಬೇಕಾದರೆ ನೆತ್ತಿ ಬೇಕು ಅಂತ ತೀರ್ಮಾನವಾಯಿತು. ಕುಲದ ಯಜಮಾನನ ನೆತ್ತಿಯೇ ಶ್ರೇಷ್ಠ ಅಂದರು. ಕೆಂಚೇಗೌಡ ಅದನ್ನು ಮರ್ಯಾದೆ ಅಂತ ತಿಳಿದು ಒಪ್ಪಿಕೊಂಡ. ವರ್ಷ ವರ್ಷ ಬಂದು ಕೂತ, ವರ್ಷ ವರ್ಷ ತಿಂದ. ಏಟು ಬಲವಾಗಿ ಬಿದ್ದ ವರ್ಷ ಸಾರು ಇನ್ನೂ ರುಚಿ ಅಂತ ಜನ ಮಾತಾಡಿಕೊಂಡರು. ಹೊಂಬಾಳಮ್ಮ ಕೂಡ ತನ್ನ ಮನೆಯಲ್ಲಿ ಗುಟ್ಟಾಗಿ ಗಂಡನನ್ನು ಒಲೆ ಪಕ್ಕ ಕೂರಿಸಿಕೊಳ್ಳತೊಡಗಿದಳು. ಪೆದ್ದನ ಕತೆ ಅಂತ ಶುರು ಮಾಡಿದೆ, ಈಗ ಯಾರ ಕತೆಯಾಯಿತೋ ನೀವೇ ನೋಡಿಕೊಳ್ಳಿ.

ಕಡೆಗೆ ಕೆಂಚೇಗೌಡ ತೀರಿಕೊಂಡ. ಏಟಿನಿಂದಲ್ಲ, ವಯಸ್ಸಾಗಿ. ಆ ವರ್ಷದ ಹಬ್ಬದಲ್ಲಿ ಅವನಿಗೂ ಎಡೆ. ಅವನ ಫೋಟೋಗೆ ಗಾಜಿನ ಚೌಕಟ್ಟು ಹಾಕಿಸಿ, ಹೂವಿನ ಹಾರ ಹಾಕಿ, ಅಂಗಳದ ಕುರ್ಚಿಯ ಮೇಲೆ ಇಟ್ಟಿದ್ದರು. ಒಲೆ ಉರಿಯಿತು, ಕಟ್ಟು ಕುದಿಯಿತು. ಬೋರಲಿಂಗ ಎಡಕ್ಕೆ ತಿರುಗಿ ನೋಡಿದ, ದೊಡ್ಡಪ್ಪನ ಜಾಗ ಖಾಲಿ. ಹೊಸ ಯಜಮಾನ ಮೆಲ್ಲಗೆ ಹಿತ್ತಲಿಗೆ ಜಾರಿದ್ದ. ಒಂದು ಬಿಡಬೇಡ, ಒಂದು ಸೇರಿಸಬೇಡ ಅಂದಿದ್ದಾಳೆ ಅವ್ವ. ಬೋರಲಿಂಗ ಎದ್ದು ಹೋಗಿ ಆ ಫೋಟೋವನ್ನು ತಂದು ಒಲೆಯ ಎಡಕ್ಕೆ, ದೊಡ್ಡಪ್ಪ ಕೂರುತ್ತಿದ್ದ ಮಣೆಯ ಮೇಲೆ, ಗೋಡೆಗೆ ಒರಗಿಸಿ ಇಟ್ಟ. ಉಪ್ಪು ಹಾಕಿದ. ಸೌಟು ತಿರುಗಿಸಿ ಹಿಡಿದ.

ಗಾಜು ಚೂರು ಚೂರಾಯಿತು. ಸತ್ತವನ ಹೆಂಡತಿ ಮಕ್ಕಳು, ಕುಲದ ಹಿರಿಯರು, ಎಲ್ಲರೂ ಕೈ ಮುಗಿದುಕೊಂಡು ನಿಂತಿದ್ದರು. ಒಬ್ಬರೂ ನಗಲಿಲ್ಲ. ಈ ವರ್ಷ ಸಾರು ಜೋರಾಗಿರುತ್ತದೆ ಅಂತ ಯಾರೋ ಪಿಸುಗುಟ್ಟಿದರು.

ದೊಡ್ಡತಾಯಮ್ಮನಿಗೆ ಆಗ ಕಣ್ಣು ಪೂರಾ ಹೋಗಿತ್ತು. ಕಂಬಕ್ಕೆ ಒರಗಿ ಕೂತಲ್ಲಿಂದಲೇ, "ಏನ್ಲಾ ಅದು ಸದ್ದು?" ಅಂದಳು.

"ಉಪ್ಪು ಹಾಕ್ದೆ ಕಣವ್ವ."

"ಹಂಗಾದ್ರೆ ಹುಳಿ ಬುಡು," ಅಂದಳು.